ಹಿಮದ ಇಳಿಜಾರು, ಗಲ್ಲಾದ ಲೆಕ್ಕ

ಬೆಳಗ್ಗೆ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೊರಡುವ ಫಾಸ್ಟ್ ಲೋಕಲಿನಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ಕಲ್ಯಾಣದಲ್ಲೇ ಹತ್ತಿ ಜಾಗ ಹಿಡಿದಿಡುವವರು ಇಬ್ಬರು, ಡೊಂಬಿವಲಿಯವರು ನಾಲ್ವರು, ಥಾಣೆಯಲ್ಲಿ ಹತ್ತಿ ನಿಂತೇ ಮಾತಿಗೆ ಸೇರುವವರು ಒಬ್ಬರು. ಕಳೆದ ಚಳಿಗಾಲದಲ್ಲಿ ನಮ್ಮಲ್ಲೊಬ್ಬರು ಸಂಸಾರ ಸಮೇತ ಗುಲ್ಮಾರ್ಗ್‌ಗೆ ಹೋಗಿ ಬಂದರು. ಫೋಟೋಗಳನ್ನು ತೋರಿಸುತ್ತಾ ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

"ಮಾರಾಯ್ರೆ, ಅಲ್ಲಿ ಸ್ಕೀ ಮಾಡುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ನಮ್ಮ ಹಾಗೆ ಬಾಡಿಗೆ ಕೋಟು, ಬಾಡಿಗೆ ಬೂಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು. ಅಷ್ಟು ದೊಡ್ಡ ರೋಪ್‌ವೇ ಯಾರ ದುಡ್ಡಿನಲ್ಲಿ ನಡೀತದೆ?"

ಕಲ್ಯಾಣದಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಈಗ ಅದನ್ನು ಮಗನ ಕೈಗೆ ಕೊಟ್ಟಿರುವ ಹಿರಿಯರೊಬ್ಬರು ಕಿಟಕಿ ಪಕ್ಕ ಕೂತಿದ್ದರು. ಅವರು ಸ್ಕೀಯಿಂಗ್ ನೋಡಿದ್ದು ಟಿ.ವಿ.ಯಲ್ಲಿ ಮಾತ್ರ. ಆದರೂ ಉತ್ತರ ಅವರಿಂದಲೇ ಬಂತು. "ಅದರಲ್ಲಿ ಆಶ್ಚರ್ಯ ಎಂಥದ್ದು? ನಮ್ಮ ಹೋಟೆಲಿಗೆ ಹೆಸರು ಬಂದದ್ದು ಊಟದಿಂದ. ಬಾಡಿಗೆ ಕಟ್ಟಿದ್ದು ಚಹಾ-ಕಾಫಿಯ ದುಡ್ಡಿನಲ್ಲಿ."

ಅವರ ಮಾತನ್ನು ಹಿಡಿದುಕೊಂಡು ಹುಡುಕುತ್ತಾ ಹೋದರೆ, ಅಮೆರಿಕದ ಹಿಮಪರ್ವತದಿಂದ ಹಿಡಿದು ನಮ್ಮ ಖೋಪೋಲಿಯ ಮನರಂಜನಾ ಪಾರ್ಕಿನವರೆಗೆ ಎಲ್ಲೆಡೆ ಅದೇ ಲೆಕ್ಕ ಕಾಣುತ್ತದೆ. ಇಂಥ ಜಾಗಗಳಿಗೆ ಹೆಸರು ತರುವ ಗಿರಾಕಿ ಒಬ್ಬ, ಹಣ ತರುವ ಗಿರಾಕಿ ಇನ್ನೊಬ್ಬ. ಇಬ್ಬರನ್ನೂ ಒಂದೇ ಜಾಗದಲ್ಲಿ, ಒಂದೇ ದಿನ, ಜಗಳವಿಲ್ಲದೆ ಸುಧಾರಿಸುವುದೇ ಈ ವ್ಯಾಪಾರದ ಕಷ್ಟ.

ಹಿಮ ಬೀಳಲಿ, ಬೀಳದಿರಲಿ

ಮೊದಲು ಖರ್ಚಿನ ಕಡೆ ನೋಡೋಣ. ಒಂದು ಸ್ಕೀ ರೆಸಾರ್ಟ್ ನಡೆಯಬೇಕಾದರೆ ಬೆಟ್ಟದ ಮೇಲಕ್ಕೆ ಜನರನ್ನು ಒಯ್ಯುವ ಲಿಫ್ಟ್ ಅಥವಾ ಗೊಂಡೋಲಾ ಬೇಕು. ರಾತ್ರಿಯಿಡೀ ಓಡಾಡಿ ಹಿಮವನ್ನು ಸಮತಟ್ಟು ಮಾಡುವ ಭಾರೀ ಯಂತ್ರಗಳು ಬೇಕು. ಹಿಮ ಕಡಿಮೆಯಾದರೆ ನೀರು ಮತ್ತು ಗಾಳಿಯನ್ನು ಒತ್ತಡದಲ್ಲಿ ಸಿಂಪಡಿಸಿ ಕೃತಕ ಹಿಮ ಮಾಡುವ ವ್ಯವಸ್ಥೆ ಬೇಕು. ಅದಕ್ಕೆ ಕೆರೆಯಷ್ಟು ನೀರು, ಕಾರ್ಖಾನೆಯಷ್ಟು ವಿದ್ಯುತ್ತು. ಗಾಯಾಳುಗಳನ್ನು ಕೆಳಗಿಳಿಸುವ, ಹಿಮಕುಸಿತದ ಅಪಾಯವನ್ನು ಮುಂಚಿತವಾಗಿ ಗುರುತಿಸುವ ಗಸ್ತು ಪಡೆ ಬೇಕು. ಇದರ ಮೇಲೆ ವಿಮೆ, ಸಾಲದ ಬಡ್ಡಿ, ಸಂಬಳ.

ಇದರಲ್ಲಿ ಬಹುಪಾಲು ಖರ್ಚು ಗಿರಾಕಿಗಳ ಸಂಖ್ಯೆಯನ್ನು ಅವಲಂಬಿಸಿಲ್ಲ. ಲಿಫ್ಟಿನಲ್ಲಿ ಹತ್ತು ಜನ ಕೂತರೂ ಅಷ್ಟೇ, ಸಾವಿರ ಜನ ಕೂತರೂ ಹೆಚ್ಚುಕಡಿಮೆ ಅಷ್ಟೇ. ಗಳಿಕೆಯೋ ವರ್ಷದಲ್ಲಿ ನಾಲ್ಕೈದು ತಿಂಗಳು, ಅದರಲ್ಲೂ ಕ್ರಿಸ್‌ಮಸ್ ರಜೆ ಮತ್ತು ವಾರಾಂತ್ಯಗಳಲ್ಲಿ ಮಾತ್ರ. ಹೋಟೆಲಿನವರಿಗೆ ಈ ಸಂಕಟ ಗೊತ್ತು. ಜುಲೈ 26ರಂಥ ಮಳೆ ಬಂದು ಒಬ್ಬ ಗಿರಾಕಿಯೂ ಒಳಗೆ ಕಾಲಿಡದಿದ್ದರೂ ಜಾಗದ ಬಾಡಿಗೆ ನಿಲ್ಲುವುದಿಲ್ಲ, ಅಡುಗೆ ಭಟ್ಟರ ಸಂಬಳವೂ ನಿಲ್ಲುವುದಿಲ್ಲ.

ಪ್ರಕೃತಿ ಮುನಿದರಂತೂ ಯಾವ ಲೆಕ್ಕವೂ ಉಳಿಯುವುದಿಲ್ಲ. ಉತ್ತರಾಖಂಡದ ಔಲಿ ನಮ್ಮ ದೇಶದ ಹೆಸರಾಂತ ಸ್ಕೀ ತಾಣ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ಅಲ್ಲೂ ನಡೆದಿತ್ತು. ಜೋಶಿಮಠದಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿ ಮನೆಗಳಲ್ಲಿ ಬಿರುಕು ಬಿಟ್ಟಾಗ ಆ ರೋಪ್‌ವೇಯನ್ನು ನಿಲ್ಲಿಸಬೇಕಾಯಿತು. ಮೇಲೆ ಹಿಮವಿತ್ತು, ಕೆಳಗೆ ಕಂಬ ನಿಲ್ಲುವ ನೆಲವೇ ಭದ್ರವಿರಲಿಲ್ಲ.

ಲೋಕಲ್ ಪಾಸಿನ ಉಪಾಯ

ಹಿಮ ಬೀಳುತ್ತದೋ ಇಲ್ಲವೋ ಎಂಬ ಭಯಕ್ಕೆ ಅಮೆರಿಕದ ರೆಸಾರ್ಟ್‌ಗಳು ಕಂಡುಕೊಂಡ ಉಪಾಯ ನಮಗೆ ಹೊಸತಲ್ಲ. ಅದು ನಮ್ಮ ಲೋಕಲ್ ರೈಲಿನ ಸೀಸನ್ ಪಾಸ್.

ಕೊಲೊರಾಡೊ ರಾಜ್ಯದ ವೇಲ್ ಎಂಬಲ್ಲಿ 1962ರಲ್ಲಿ ಶುರುವಾದ ಸ್ಕೀ ತಾಣ ಇಂದು ವೇಲ್ ರೆಸಾರ್ಟ್ಸ್ ಎಂಬ ದೊಡ್ಡ ಕಂಪನಿಯಾಗಿದೆ. ಹತ್ತಾರು ಬೆಟ್ಟಗಳು ಅದರ ಕೈಯಲ್ಲಿವೆ. 2008ರಲ್ಲಿ ಆ ಕಂಪನಿ 'ಎಪಿಕ್ ಪಾಸ್' ಎಂಬುದನ್ನು ತಂದಿತು. ಆಗಿನ ಬೆಲೆ 579 ಡಾಲರ್. ಅದನ್ನು ಕೊಂಡವರು ಇಡೀ ಋತುವಿನಲ್ಲಿ ಕಂಪನಿಯ ಬೆಟ್ಟಗಳ ಮೇಲೆ ಎಷ್ಟು ದಿನ ಬೇಕಾದರೂ ಜಾರಬಹುದು. ಷರತ್ತು ಒಂದೇ: ಹಿಮ ಬೀಳುವ ಮುಂಚೆಯೇ ಕೊಳ್ಳಬೇಕು.

ಇದರಿಂದ ಏನಾಯಿತು? ಚಳಿಗಾಲ ಶುರುವಾಗುವ ಮೊದಲೇ ಕಂಪನಿಯ ಗಲ್ಲಾ ತುಂಬಿತು. ಹಿಮ ಸರಿಯಾಗಿ ಬೀಳದಿದ್ದರೆ ಅದರ ನಷ್ಟದ ದೊಡ್ಡ ಪಾಲು ಗಿರಾಕಿಯ ತಲೆಗೆ ಹೋಯಿತು. ಈಗ ಆ ಕಂಪನಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಪಾಸ್‌ಗಳನ್ನು ಮಾರುತ್ತದೆ. ಅದರ ಬೆಟ್ಟಗಳಿಗೆ ಬರುವ ಭೇಟಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಪಾಸಿನವರದೇ. 2018ರಲ್ಲಿ ಪ್ರತಿಸ್ಪರ್ಧಿ ಕಂಪನಿಯೊಂದು 'ಐಕಾನ್ ಪಾಸ್' ತಂದಿತು.

ಪಾಸ್ ಇಲ್ಲದೆ ಅದೇ ದಿನ ಕಿಟಕಿಗೆ ಬಂದು ಟಿಕೆಟ್ ಕೇಳುವವನ ಪಾಡು ಬೇರೆ. ವೇಲ್‌ನಲ್ಲಿ ರಜೆಯ ದಿನಗಳ ಒಂದು ದಿನದ ಟಿಕೆಟ್ 300 ಡಾಲರ್ ದಾಟಿದೆ. ಅಷ್ಟು ದುಬಾರಿ ಮಾಡಿದ್ದು ಹೆಚ್ಚು ಟಿಕೆಟ್ ಮಾರಲು ಅಲ್ಲ; 'ಮುಂದಿನ ವರ್ಷ ಪಾಸೇ ತೆಗೆದುಕೊಳ್ಳೋಣ' ಎಂದು ಗಿರಾಕಿಗೆ ಅನಿಸಲಿ ಎಂದು. ನಮ್ಮ ರೈಲ್ವೆ ಪಾಸು ದಿನನಿತ್ಯ ದುಡಿಯಲು ಹೋಗುವವನ ಅನುಕೂಲಕ್ಕೆ ಹುಟ್ಟಿದ್ದು. ಇಲ್ಲಿ ಅದೇ ಉಪಾಯವನ್ನು ಆಟಕ್ಕೆ ಬರುವವನನ್ನು ಕಟ್ಟಿಹಾಕಲು ಬಳಸಿದ್ದಾರೆ.

ಆದರೆ ಲೋಕಲ್ ಪಾಸಿನ ಜೊತೆಗೆ ಬರುವ ಇನ್ನೊಂದು ಸಂಗತಿ ನಮಗೆಲ್ಲ ಗೊತ್ತು: ನೂಕುನುಗ್ಗಲು. 2021ರಲ್ಲಿ ವೇಲ್ ಕಂಪನಿ ಪಾಸಿನ ಬೆಲೆಯನ್ನು ಶೇ. 20ರಷ್ಟು ಇಳಿಸಿತು. ಪಾಸುಗಳ ಮಾರಾಟ ಏರಿತು. ಆ ಚಳಿಗಾಲದಲ್ಲಿ ಕೆಲಸಗಾರರ ಕೊರತೆಯೂ ಸೇರಿಕೊಂಡು ಕೆಲವು ಬೆಟ್ಟಗಳಲ್ಲಿ ಲಿಫ್ಟುಗಳು ನಿಂತವು, ಸಾಲುಗಳು ಬೆಳೆದವು. ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಎಂಬ ತಾಣದ ಗಿರಾಕಿಗಳು ಕಂಪನಿಯ ವಿರುದ್ಧ ಸಹಿ ಸಂಗ್ರಹ ನಡೆಸಿದರು. ಸಹಿ ಹಾಕಿದವರು 40 ಸಾವಿರ ದಾಟಿದರು. ಹಣವನ್ನು ಮುಂಗಡವಾಗಿ ಕೊಟ್ಟಾಗಿದೆ, ಜಾರಲು ಜಾಗವಿಲ್ಲ. ಬೆಳಗ್ಗೆ 8ರ ಹೊತ್ತಿಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಪಾಸು ಜೇಬಿನಲ್ಲಿಟ್ಟುಕೊಂಡು ಹತ್ತಲಾಗದೆ ನಿಂತವರಿಗೆ ಆ ಸಿಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಟಿಕೆಟಿನ ಆಚೆಯ ದುಡ್ಡು

ಲಿಫ್ಟಿನ ಟಿಕೆಟು ಮತ್ತು ಪಾಸು ಗಳಿಕೆಯ ಒಂದು ಮುಖ. ಇನ್ನೊಂದು ಮುಖ ಬೆಟ್ಟದ ಬುಡದಲ್ಲಿದೆ. ಸ್ಕೀ ಹಲಗೆ ಮತ್ತು ಬೂಟುಗಳ ಬಾಡಿಗೆ, ಕಲಿಸುವ ಶಾಲೆಯ ಶುಲ್ಕ, ಊಟ-ತಿಂಡಿ, ವಸತಿ, ಬೆಚ್ಚನೆಯ ಉಡುಪಿನ ಅಂಗಡಿ, ಕಾರು ನಿಲ್ಲಿಸುವ ಬಾಡಿಗೆ. ಬೆಟ್ಟದ ಬುಡದ ಜಾಗದಲ್ಲಿ ಮನೆ ಕಟ್ಟಿ ಮಾರುವುದು ಇನ್ನೂ ದೊಡ್ಡ ವ್ಯಾಪಾರ. ಹಿಮ ಜನರನ್ನು ಕರೆತರುತ್ತದೆ. ಬಂದ ಜನರಿಗೆ ಬೇಕಾದ್ದನ್ನೆಲ್ಲ ಮಾರುವುದು ಗಳಿಕೆ.

ಇಲ್ಲಿಯೇ ಒಂದು ವಿಚಿತ್ರ ಎದುರಾಗುತ್ತದೆ. ನುರಿತ ಸ್ಕೀಯರ್ ತನ್ನದೇ ಹಲಗೆ ತರುತ್ತಾನೆ, ಶಿಕ್ಷಕ ಬೇಡ, ಬುತ್ತಿ ಚೀಲದಲ್ಲಿದೆ, ಪಾಸು ಅಗ್ಗದಲ್ಲಿ ಕೊಂಡಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಲಿಫ್ಟನ್ನು ಇಪ್ಪತ್ತು ಸಲ ಹತ್ತಿ ಇಳಿಯುತ್ತಾನೆ. ಅವನ ಪಕ್ಕದಲ್ಲಿ ಇಬ್ಬರು ಮಕ್ಕಳ ಜೊತೆ ಮೊದಲ ಬಾರಿಗೆ ಬಂದ ಸಂಸಾರ: ಎಲ್ಲವೂ ಬಾಡಿಗೆಗೆ, ಎಲ್ಲರಿಗೂ ಪಾಠ, ಬಿಸಿ ಚಾಕಲೇಟು, ರಾತ್ರಿ ಕೋಣೆ. ಲಿಫ್ಟ್ ಹತ್ತುವುದು ಮೂರು ಸಲ. ಖರ್ಚು ಮಾಡುವವರು ಇವರು. ಆದರೆ ಆ ಬೆಟ್ಟದ ಕಡಿದಾದ ಇಳಿಜಾರನ್ನು ನಾಲ್ಕು ಜನರ ಮುಂದೆ ಹೊಗಳಿ ಹೆಸರು ಮಾಡಿಸುವವನು ಅವನು. ನಮ್ಮ ಹಿರಿಯರ ಊಟ-ಚಹಾದ ಲೆಕ್ಕ ಇದೇ.

ಗುಲ್ಮಾರ್ಗ್‌ನಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿನ ಗೊಂಡೋಲಾ ಸರ್ಕಾರಿ ಕೇಬಲ್ ಕಾರ್ ನಿಗಮದ ಆಸ್ತಿ. ಫ್ರಾನ್ಸಿನ ಪೋಮಗಾಲ್ಸ್ಕಿ ಕಂಪನಿಯ ತಂತ್ರಜ್ಞಾನದಿಂದ ಕಟ್ಟಿದ ಅದರ ಮೊದಲ ಹಂತ 1998ರಲ್ಲಿ ಕೊಂಗ್‌ಡೂರಿಯವರೆಗೆ ಶುರುವಾಯಿತು. ಎರಡನೆಯ ಹಂತ 2005ರಲ್ಲಿ ಅಫರ್ವತ್ ಶಿಖರದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ತಲುಪಿತು. ಇತ್ತೀಚಿನ ವರ್ಷಗಳಲ್ಲಿ ಇದರ ವಾರ್ಷಿಕ ಗಳಿಕೆ 100 ಕೋಟಿ ರೂಪಾಯಿಯ ಗಡಿ ದಾಟಿದೆ. ಆ ಹಣದ ಬಹುಪಾಲು ಕೊಟ್ಟವರು ಸ್ಕೀ ಮುಟ್ಟದವರು. ಮೇ-ಜೂನ್‌ನಲ್ಲಿ ಹುಲ್ಲುಗಾವಲು ನೋಡಲು, ಮೇಲೆ ಉಳಿದಿರುವ ಹಿಮವನ್ನು ಮುಟ್ಟಲು ಬರುವ ನಮ್ಮಂಥವರು. ಅವರು ಕೊಟ್ಟ ಹಣದಲ್ಲಿ ಓಡುವ ಗೊಂಡೋಲಾದಲ್ಲೇ ಜನವರಿಯಲ್ಲಿ ಯುರೋಪಿನ ಸ್ಕೀಯರ್ ಮೇಲೇರುತ್ತಾನೆ. 2020ರಲ್ಲಿ ಶುರುವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧಿಗಳು ಅಭ್ಯಾಸ ಮಾಡುವುದೂ ಅದೇ ಇಳಿಜಾರುಗಳಲ್ಲಿ. ಗೊಂಡೋಲಾದ ಹೊರಗೆ ಕುದುರೆಯವರು, ಮರದ ಸ್ಲೆಡ್ಜ್ ಎಳೆಯುವವರು, ಕೋಟು-ಬೂಟು ಬಾಡಿಗೆ ಕೊಡುವವರು, ಕಲಿಸುವವರು ಇದ್ದಾರೆ. ಅವರ ಒಲೆ ಉರಿಯುವುದೂ ಈ ಪ್ರವಾಸಿಯಿಂದಲೇ.

ಒಂದೇ ಬೆಟ್ಟ, ನಾಲ್ಕು ಜಾತಿಯ ಗಿರಾಕಿ

ಹಣದ ಲೆಕ್ಕ ಹೇಗೋ ಸರಿದೂಗಿಸಬಹುದು. ಜನರ ಲೆಕ್ಕ ಕಷ್ಟ. ಗಂಟೆಗೆ 60-70 ಕಿ.ಮೀ. ವೇಗದಲ್ಲಿ ಇಳಿಯುವವನ ದಾರಿಯಲ್ಲಿ, ನಿಲ್ಲಲೂ ಬಾರದ ಎಂಟು ವರ್ಷದ ಮಗು ಬಂದರೆ?

ಇದಕ್ಕೆ ಮೊದಲ ಪರಿಹಾರ ಬಣ್ಣ. ಅಮೆರಿಕದಲ್ಲಿ ಹಸಿರು ವೃತ್ತದ ಫಲಕ ಇದ್ದರೆ ಹೊಸಬರ ದಾರಿ, ನೀಲಿ ಚೌಕ ನಡುವಿನವರದು, ಕಪ್ಪು ವಜ್ರದ ಆಕಾರ ನುರಿತವರದು. ಯುರೋಪಿನಲ್ಲಿ ನೀಲಿ ಮತ್ತು ಕಪ್ಪಿನ ನಡುವೆ ಕೆಂಪು ಬರುತ್ತದೆ. ಹೊಸಬರಿಗೆ ಬೇರೆಯೇ ಲಿಫ್ಟು, ಬೇರೆಯೇ ಮೈದಾನ. ದಾರಿಗಳು ಕೂಡುವ ಕಡೆ 'ನಿಧಾನ' ಎಂಬ ಫಲಕ, ಅದನ್ನು ಮೀರಿದವನ ಪಾಸು ಕಿತ್ತುಕೊಳ್ಳುವ ಗಸ್ತಿನವ. ಎಲ್ಲೆಡೆ ಒಪ್ಪಿಕೊಂಡ ನಿಯಮ ಒಂದಿದೆ: ಕೆಳಗಿರುವವನಿಗೆ ದಾರಿಯ ಹಕ್ಕು, ಮೇಲಿನಿಂದ ಬರುವವನೇ ತಪ್ಪಿಸಿಕೊಂಡು ಹೋಗಬೇಕು.

ಎಲ್ಲ ಜಗಳಗಳೂ ಫಲಕದಿಂದ ತೀರಲಿಲ್ಲ. ಒಂದೇ ಅಗಲವಾದ ಹಲಗೆಯ ಮೇಲೆ ಎರಡೂ ಕಾಲಿಟ್ಟು ಜಾರುವ ಸ್ನೋಬೋರ್ಡ್ ಬಂದಾಗ ಹಳೆಯ ಸ್ಕೀಯರ್‌ಗಳು ಮುಖ ಸಿಂಡರಿಸಿದರು. ಕಾಲಕ್ರಮೇಣ ಬಹುತೇಕ ಎಲ್ಲ ರೆಸಾರ್ಟ್‌ಗಳೂ ಬಾಗಿಲು ತೆರೆದವು, ಏಕೆಂದರೆ ಯುವಕರ ಹಣ ಅಲ್ಲಿತ್ತು. ಆದರೆ ಅಮೆರಿಕದ ಮೂರು ತಾಣಗಳು ಇಂದಿಗೂ ಸ್ನೋಬೋರ್ಡ್‌ಗೆ ಬಾಗಿಲು ತೆರೆದಿಲ್ಲ: ಯೂಟಾ ರಾಜ್ಯದ ಆಲ್ಟಾ ಮತ್ತು ಡೀರ್ ವ್ಯಾಲಿ, ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಗ್ಲೆನ್. ಕೊನೆಯದರ ಕಥೆ ಸ್ವಾರಸ್ಯಕರ. 1995ರಿಂದ ಅದು ಸಹಕಾರಿ ಸಂಘ. ಗಿರಾಕಿಗಳೇ ಷೇರು ಕೊಂಡು ಮಾಲೀಕರಾಗಿದ್ದಾರೆ. ಲಾಭಕ್ಕಿಂತ ತಮ್ಮ ಬೆಟ್ಟ ತಮ್ಮ ಹಾಗೆಯೇ ಇರಲಿ ಎಂಬುದು ಅವರ ಹಟ. ಡೀರ್ ವ್ಯಾಲಿ ದಿನಕ್ಕೆ ಇಂತಿಷ್ಟೇ ಟಿಕೆಟ್ ಎಂದು ಮಿತಿ ಹಾಕಿ, ಹೆಚ್ಚು ಬೆಲೆಗೆ ಕಡಿಮೆ ಜನಸಂದಣಿಯನ್ನೇ ಮಾರುತ್ತದೆ.

ಗುಲ್ಮಾರ್ಗ್‌ನಲ್ಲಿ ಗುಂಪುಗಳ ನಡುವಿನ ಅಂತರ ಬಣ್ಣದ ಫಲಕದ್ದಲ್ಲ, ಎತ್ತರದ್ದು. ಕೆಳಗಿನ ಬಟ್ಟಲಿನಂಥ ಹುಲ್ಲುಗಾವಲಿನಲ್ಲಿ ಕಲಿಯುವವರು ಮತ್ತು ಸ್ಲೆಡ್ಜ್ ಸಂಸಾರಗಳು. ಮೇಲಿನ ಅಫರ್ವತ್‌ನಲ್ಲಿ ಯಾರೂ ಸಮತಟ್ಟು ಮಾಡದ ಮೆತ್ತನೆಯ ಹಿಮವನ್ನು ಹುಡುಕಿ ಬರುವ ಸಾಹಸಿಗಳು. ಈ ಎರಡನೆಯವರಿಗಾಗಿಯೇ ಗುಲ್ಮಾರ್ಗ್‌ಗೆ ಜಗತ್ತಿನಲ್ಲಿ ಹೆಸರು. ಅವರ ಸಾಹಸದ ಬೆಲೆಯೂ ದೊಡ್ಡದು: 2023ರ ಫೆಬ್ರವರಿ 1ರಂದು ಅಫರ್ವತ್‌ನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು.

ಈ ಅಪಾಯವನ್ನು ಕಾಯುವವರ ಬೆಲೆ ಎಷ್ಟು ಎಂಬುದು ಅಮೆರಿಕದಲ್ಲಿ ಒಮ್ಮೆ ಚೆನ್ನಾಗಿ ಗೊತ್ತಾಯಿತು. 2024ರ ಡಿಸೆಂಬರ್ ಕೊನೆಯ ವಾರ, ವರ್ಷದ ಅತ್ಯಂತ ಗಳಿಕೆಯ ದಿನಗಳಲ್ಲಿ, ಯೂಟಾದ ಪಾರ್ಕ್ ಸಿಟಿ ರೆಸಾರ್ಟ್‌ನ ಸುಮಾರು 200 ಗಸ್ತಿನವರು ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆ ಆರಂಭದ ಸಂಬಳ ಗಂಟೆಗೆ 21ರಿಂದ 23 ಡಾಲರ್ ಆಗಬೇಕೆಂಬುದು. ಗಸ್ತು ಇಲ್ಲದೆ ಬೆಟ್ಟದ ಬಹುಭಾಗವನ್ನು ತೆರೆಯುವಂತಿರಲಿಲ್ಲ. ತೆರೆದಿದ್ದ ಕೆಲವೇ ಲಿಫ್ಟುಗಳ ಮುಂದೆ ಗಂಟೆಗಟ್ಟಲೆ ಸಾಲು. ಸಾವಿರಾರು ಡಾಲರ್ ಖರ್ಚು ಮಾಡಿ ಬಂದ ಸಂಸಾರಗಳು ಹಿಮ ನೋಡಿ ವಾಪಸಾದವು. ಹೆಚ್ಚುಕಡಿಮೆ ಎರಡು ವಾರಗಳ ನಂತರ, ಜನವರಿ 8ರಂದು ರಾಜಿಯಾಯಿತು. ಗಸ್ತಿನವರು ಕೇಳಿದ 2 ಡಾಲರ್ ಸಿಕ್ಕಿತು. ಮುಂಗಡ ಹಣದ ಮೇಲೆ ನಿಂತ ವ್ಯಾಪಾರದಲ್ಲಿ ಗಿರಾಕಿಗಳನ್ನು ಸಮತೋಲನ ಮಾಡಿದರಷ್ಟೇ ಸಾಲದು, ಅವರನ್ನು ಕಾಯುವವರನ್ನೂ ತೂಕಕ್ಕೆ ಹಾಕಬೇಕು.

ಕಲ್ವಾದಲ್ಲಿ ನಿಂತ ಎಸಿ ಲೋಕಲ್

ಇದೆಲ್ಲ ದೂರದ ಮಾತು ಎನಿಸಿದರೆ, 2022ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಅದಕ್ಕೆ ಮೂರು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಎಸಿ ಲೋಕಲಿನ ಬಿಡಿ ಟಿಕೆಟ್ ದರವನ್ನು ಅರ್ಧಕ್ಕೆ ಇಳಿಸಿದ್ದರು. ಬೇಡಿಕೆ ಏರಿತು. ಮಧ್ಯ ರೈಲ್ವೆ ಹೆಚ್ಚು ಎಸಿ ಲೋಕಲ್‌ಗಳನ್ನು ಓಡಿಸತೊಡಗಿತು. ಆದರೆ ಹಳಿ ಅಷ್ಟೇ, ಸಮಯ ಅಷ್ಟೇ. ಹಾಗಾಗಿ ಒಂದು ಎಸಿ ಗಾಡಿ ಬಂತೆಂದರೆ ಒಂದು ಸಾಧಾರಣ ಗಾಡಿ ಹೋಯಿತು. ಕಲ್ವಾ ಕಾರ್‌ಶೆಡ್‌ನಿಂದ ಹೊರಡುವ ಗಾಡಿಯನ್ನು ನಂಬಿದ್ದ ಜನ ಎಸಿ ಲೋಕಲನ್ನು ಅಡ್ಡಗಟ್ಟಿದರು. ಬದ್ಲಾಪುರದಲ್ಲೂ ಪ್ರಯಾಣಿಕರು ಪ್ರತಿಭಟಿಸಿದರು. ಕೊನೆಗೆ ಮಧ್ಯ ರೈಲ್ವೆ 10 ಎಸಿ ಸೇವೆಗಳನ್ನು ಹಿಂದಕ್ಕೆ ಪಡೆದು ಅವುಗಳ ಜಾಗದಲ್ಲಿ ಸಾಧಾರಣ ಗಾಡಿಗಳನ್ನು ಓಡಿಸಿತು.

ನಮ್ಮ ಬಳಗದಲ್ಲಿ ಆಗ ದೊಡ್ಡ ಚರ್ಚೆಯೇ ನಡೆದಿತ್ತು. ಮೊಣಕಾಲು ನೋವಿನವರಿಗೆ, ವಯಸ್ಸಾದವರಿಗೆ ಎಸಿ ಗಾಡಿ ವರದಾನ. ಎರಡನೇ ದರ್ಜೆಯ ಪಾಸಿನವನಿಗೆ ಅದೇ ಗಾಡಿ ತನ್ನ ಜಾಗ ನುಂಗಿದ ಶತ್ರು. ಎರಡೂ ನಿಜ. ಒಂದು ಗುಂಪಿಗೆ ಕೊಟ್ಟ ಅನುಕೂಲ ಇನ್ನೊಂದು ಗುಂಪಿನ ಪಾಲಿನಿಂದ ಕಿತ್ತು ತಂದದ್ದಾದರೆ ಜಗಳ ತಪ್ಪದು. ಸ್ಕೀ ಬೆಟ್ಟದಲ್ಲಿ ಹೆಚ್ಚು ಹಣ ಕೊಟ್ಟವನಿಗೆ ಬೇರೆ ಸಾಲು ಮಾಡಿದಾಗ ಆಗುವುದೂ ಇದೇ: ಲಿಫ್ಟಿನ ಕುರ್ಚಿಗಳ ಸಂಖ್ಯೆ ಹೆಚ್ಚುವುದಿಲ್ಲ, ಹಿಂದಿನ ಸಾಲು ಮಾತ್ರ ಇನ್ನಷ್ಟು ನಿಧಾನವಾಗುತ್ತದೆ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಸ್ಕೀ ಬೇಡವೆಂದರೆ ಮನೆಯಲ್ಲಿರಬಹುದು. ಲೋಕಲ್ ಬಿಟ್ಟರೆ ಡೊಂಬಿವಲಿಯವನಿಗೆ ಬೇರೆ ದಾರಿ ಇಲ್ಲ.

ಖೋಪೋಲಿಯ ಹಿಮ

ನಮ್ಮ ಲೋಕಲಿನ ಇನ್ನೊಂದು ತುದಿ ಖೋಪೋಲಿ. ಕಲ್ಯಾಣ, ಕರ್ಜತ್ ದಾಟಿ ಗಾಡಿ ಅಲ್ಲಿಗೆ ಹೋಗುತ್ತದೆ. ಅಲ್ಲಿಯೇ, ಮುಂಬಯಿ-ಪುಣೆ ಹೆದ್ದಾರಿಯ ಪಕ್ಕ, ನಮಗೆ ಹತ್ತಿರದ ಒಂದು 'ಹಿಮ ತಾಣ'ವೂ ಇದೆ. ಅದು ಇಮ್ಯಾಜಿಕಾ. ಇದರ ಕಥೆ ನಮಗೆ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಅದನ್ನು ಕಟ್ಟಿದವರು ಕರಾವಳಿ ಮೂಲದ ಮುಂಬಯಿ ಉದ್ಯಮಿ ಮನಮೋಹನ್ ಶೆಟ್ಟಿ.

1978ರಲ್ಲಿ ಆ್ಯಡ್‌ಲ್ಯಾಬ್ಸ್ ಎಂಬ ಫಿಲ್ಮ್ ಸಂಸ್ಕರಣಾ ಪ್ರಯೋಗಾಲಯ ಶುರು ಮಾಡಿ, ಅದನ್ನು ದೇಶದ ಮುಂಚೂಣಿಯ ಸಂಸ್ಥೆಯನ್ನಾಗಿ ಬೆಳೆಸಿ, ವಡಾಲಾದಲ್ಲಿ ಐಮ್ಯಾಕ್ಸ್ ಗುಮ್ಮಟ ಚಿತ್ರಮಂದಿರ ಕಟ್ಟಿದವರು ಅವರು. 2005ರಲ್ಲಿ ಆ ಸಂಸ್ಥೆಯ ನಿಯಂತ್ರಣವನ್ನು ಅನಿಲ್ ಅಂಬಾನಿ ಸಮೂಹಕ್ಕೆ ಮಾರಿದರು. ನಂತರ ಅವರು ಕೈಹಾಕಿದ್ದು ಜಾಗತಿಕ ಮಟ್ಟದ ಥೀಮ್ ಪಾರ್ಕಿಗೆ. ಸುಮಾರು 1,600 ಕೋಟಿ ರೂಪಾಯಿಯ ಯೋಜನೆ. 2013ರಲ್ಲಿ ಥೀಮ್ ಪಾರ್ಕ್, 2014ರಲ್ಲಿ ವಾಟರ್ ಪಾರ್ಕ್, 2015ರಲ್ಲಿ ಹೋಟೆಲ್, 2016ರಲ್ಲಿ ಹಿಮದ ಪಾರ್ಕ್. ಸಹ್ಯಾದ್ರಿಯ ಬುಡದ ಸೆಖೆಯಲ್ಲಿ, ಮುಚ್ಚಿದ ಕಟ್ಟಡದೊಳಗೆ, ಯಂತ್ರದಿಂದ ಮಾಡಿದ ಹಿಮ.

ಇಂಥ ಒಳಾಂಗಣ ಹಿಮ ಇಲ್ಲಿ ಮೊದಲೇನಲ್ಲ. ನಮ್ಮ ಊರಿನವರು ಅನೇಕರು ದುಡಿಯುವ ದುಬೈಯಲ್ಲಿ 2005ರಿಂದ 'ಸ್ಕೀ ದುಬೈ' ಇದೆ. ಮಾಲಿನ ಒಳಗೇ 400 ಮೀಟರ್ ಉದ್ದದ ಇಳಿಜಾರು. ಮರುಭೂಮಿಯಲ್ಲಿ ಹಿಮವನ್ನು ಕಾಪಾಡುವ ವೆಚ್ಚ ದೊಡ್ಡದು. ಆದರೆ ಹಿಮ ನೋಡಲು ಬಂದವರು ಮಾಲಿನ ಅಂಗಡಿಗಳನ್ನೂ ನೋಡುತ್ತಾರೆ. ಊಟ-ಚಹಾದ ಲೆಕ್ಕ ಅಲ್ಲೂ ಕೈಬಿಟ್ಟಿಲ್ಲ.

ಇಮ್ಯಾಜಿಕಾದ ಯೋಜನೆಯಲ್ಲೂ ಆ ಲೆಕ್ಕವಿತ್ತು. ಗೇಟಿನ ಟಿಕೆಟು ಒಂದು ಕಡೆ. ಊಟ, ಅಂಗಡಿ, ಹೋಟೆಲು, ಕಂಪನಿಗಳ ಸಮಾರಂಭ, ಮದುವೆ ಇನ್ನೊಂದು ಕಡೆ. ಗುಂಪುಗಳನ್ನು ಹಂಚುವ ಬುದ್ಧಿಯೂ ಇತ್ತು. ವಾರದ ದಿನಗಳಲ್ಲಿ ರಿಯಾಯಿತಿ ದರದ ಶಾಲಾ-ಕಾಲೇಜು ಪ್ರವಾಸಗಳು, ವಾರಾಂತ್ಯದಲ್ಲಿ ಸಂಸಾರಗಳು. ರೋಲರ್ ಕೋಸ್ಟರ್‌ಗೆ ಕಿರುಚಲು ಬರುವ ಯುವಕರಿಗೆ ಒಂದು ಭಾಗ, ಸಣ್ಣ ಮಕ್ಕಳಿಗೆ ಒಂದು ಭಾಗ. ಎತ್ತರದ ಅಳತೆಗೋಲು ಇಲ್ಲಿನ ಬಣ್ಣದ ಫಲಕ. ಸಾಲು ತಪ್ಪಿಸಲು ಹೆಚ್ಚು ಹಣದ ಎಕ್ಸ್‌ಪ್ರೆಸ್ ಟಿಕೆಟು.

ತಪ್ಪಿದ್ದು ಮೊದಲ ಸಾಲಿನಲ್ಲಿ, ಅಂದರೆ ನಿಲ್ಲದ ಖರ್ಚಿನಲ್ಲಿ. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಮಳೆಗಾಲದಲ್ಲಿ ಹೊರಗಿನ ಆಟಗಳಿಗೆ ಅಡ್ಡಿ, ಪರೀಕ್ಷೆಯ ತಿಂಗಳುಗಳಲ್ಲಿ ಖಾಲಿ. ಪ್ರವೇಶದ ಮೇಲೆ ಜಿಎಸ್‌ಟಿ ಮೊದಲಿಗೆ ಶೇ. 28 ಇತ್ತು, 2018ರ ಜನವರಿಯಲ್ಲಿ ಅದು ಶೇ. 18ಕ್ಕೆ ಇಳಿಯಿತು. ಅಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿತ್ತು. 2015ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗಲೇ ಬೇಡಿಕೆ ಸಾಲದೆ ಷೇರಿನ ಬೆಲೆ ಇಳಿಸಬೇಕಾಗಿತ್ತು. ಸಾಲ 1,000 ಕೋಟಿ ದಾಟಿ, ಕಂತು ಕಟ್ಟಲಾಗದೆ, 2020ರಲ್ಲಿ ಕೋವಿಡ್ ಬಂದು ಗೇಟೇ ಮುಚ್ಚಿತು. 2022ರಲ್ಲಿ ಸಾಲ ಕೊಟ್ಟವರು ದೊಡ್ಡ ಪಾಲನ್ನು ಬಿಟ್ಟುಕೊಟ್ಟು, ಸಂಗಮನೇರ್‌ನ ಮಾಲ್ಪಾಣಿ ಸಮೂಹ ಹಣ ಹಾಕಿ ಕಂಪನಿಯ ಬಹುಪಾಲನ್ನು ಪಡೆಯಿತು. ಶಿರ್ಡಿ ಮತ್ತು ಲೋನಾವಳಾದಲ್ಲಿ ಮೊದಲೇ ವಾಟರ್ ಪಾರ್ಕ್ ನಡೆಸಿ ಅನುಭವವಿದ್ದವರು ಅವರು. ಸಾಲದ ಭಾರ ಇಳಿದ ಮೇಲೆ ಅದೇ ಪಾರ್ಕ್, ಅದೇ ಆಟಗಳು ಲಾಭ ಕಂಡವು.

ಬೆಂಗಳೂರಿನ ಪಕ್ಕದ ಬಿಡದಿಯ ವಂಡರ್‌ಲಾ ಇದಕ್ಕೆ ಹೋಲಿಸಿ ನೋಡಬೇಕಾದದ್ದು. 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಪಾರ್ಕ್ ಮಾಡಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರ ಸಂಸ್ಥೆ 2005ರಲ್ಲಿ ಬಿಡದಿಗೆ ಬಂತು, 2016ರಲ್ಲಿ ಹೈದರಾಬಾದಿಗೆ ಹೋಯಿತು. ಒಂದು ಪಾರ್ಕ್ ದುಡಿದ ಮೇಲೆ ಮುಂದಿನದು. ಸಾಲ ಕಡಿಮೆ, ಹಲವು ಆಟದ ಯಂತ್ರಗಳನ್ನು ತಾವೇ ತಯಾರಿಸುತ್ತಾರೆ. ಅಲ್ಲೂ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟು ಇದೆ, ಶಾಲಾ ಮಕ್ಕಳ ರಿಯಾಯಿತಿಯೂ ಇದೆ. ಕೋವಿಡ್ ಅವರ ಗೇಟನ್ನೂ ಮುಚ್ಚಿತ್ತು. ಆದರೆ ತಿಂಗಳ ಕೊನೆಗೆ ಬಾಗಿಲು ತಟ್ಟುವ ಬಡ್ಡಿ ಇಲ್ಲದ್ದರಿಂದ ಕಾಯಲು ಸಾಧ್ಯವಾಯಿತು.

ಮನಮೋಹನ್ ಶೆಟ್ಟಿಯವರ ಕನಸು ಸಣ್ಣದಾಗಿರಲಿಲ್ಲ, ಕಟ್ಟಿದ್ದು ಕಳಪೆಯೂ ಆಗಿರಲಿಲ್ಲ. ಅವರು ಕಟ್ಟಿದ ಪಾರ್ಕ್ ಇಂದಿಗೂ ನಡೆಯುತ್ತಿದೆ. ಥಾಣೆ, ಡೊಂಬಿವಲಿ, ವಾಶಿಯ ಮಕ್ಕಳು ಶಾಲೆಯ ಬಸ್ಸುಗಳಲ್ಲಿ ಅಲ್ಲಿಗೆ ಹೋಗಿಬರುತ್ತಾರೆ. ಮಾಲೀಕರು ಮಾತ್ರ ಬದಲಾಗಿದ್ದಾರೆ. ಸ್ಕೀ ಜಗತ್ತಿನಲ್ಲೂ ಎಷ್ಟೋ ಬೆಟ್ಟಗಳ ಕಥೆ ಇದೇ: ಕಟ್ಟಿದವನು ಸಾಲದಲ್ಲಿ ಕೈಬಿಟ್ಟದ್ದನ್ನು ಎರಡನೆಯವನು ಕಡಿಮೆ ಬೆಲೆಗೆ ಪಡೆದು ಲಾಭ ಕಾಣುತ್ತಾನೆ.

ನಾವು ಯಾವ ಸಾಲಿನಲ್ಲಿ?

ಇದೆಲ್ಲ ತಿಳಿದುಕೊಂಡು ನಮಗೇನು ಎಂದು ಕೇಳಬಹುದು. ಮುಂದಿನ ಬಾರಿ ಮಕ್ಕಳನ್ನು ಕರೆದುಕೊಂಡು ಗುಲ್ಮಾರ್ಗ್‌ಗೋ ಖೋಪೋಲಿಗೋ ಹೋಗುವಾಗ ಕೆಲವು ಸಂಗತಿಗಳು ಉಪಯೋಗಕ್ಕೆ ಬರಬಹುದು. ಇಂಥ ಕಡೆ ವಾರದ ದಿನ ಮತ್ತು ಮುಂಗಡ ಟಿಕೆಟ್ ಅಗ್ಗವಾಗಿರುವುದು ದಯೆಯಿಂದಲ್ಲ, ಖಾಲಿ ದಿನಗಳನ್ನು ತುಂಬುವ ಅವರ ಅಗತ್ಯದಿಂದ; ರಜೆ ಹೊಂದಿಸಿಕೊಳ್ಳಲು ಸಾಧ್ಯವಿದ್ದವರಿಗೆ ಅದೇ ಲಾಭ. ಟಿಕೆಟಿನ ಬೆಲೆಯನ್ನಷ್ಟೇ ಹೋಲಿಸಿದರೆ ಸಾಲದು. ಬಾಡಿಗೆ, ಊಟ, ಲಾಕರು ಎಲ್ಲ ಸೇರಿಸಿದಾಗಲೇ ನಿಜವಾದ ಬೆಲೆ ತಿಳಿಯುವುದು. ಹಿಮಕುಸಿತದ ಎಚ್ಚರಿಕೆ ಕೊಟ್ಟು ಮೇಲಿನ ಹಂತ ಮುಚ್ಚಿದ್ದಾರೆಂದರೆ ಜಗಳವಾಡದೆ ಕೆಳಗೇ ಉಳಿಯುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಮಾತೊಂದಿದೆ. ಹೆಚ್ಚು ಹಣ ಕೊಡುವವನಿಗೆ ಬೇರೆ ಸಾಲು ಎಂಬ ಪದ್ಧತಿ ಆಟದ ಜಾಗಗಳಲ್ಲಿ ಬೆಳೆಯುತ್ತಲೇ ಇದೆ. ಮಾಲೀಕನ ಕಡೆಯಿಂದ ನೋಡಿದರೆ ಅದು ತಪ್ಪಲ್ಲ, ಅವನ ಖರ್ಚು ನಿಲ್ಲುವುದಿಲ್ಲ. ಆದರೆ ಮೊದಲ ಬಾರಿಗೆ ಬರುವ ಸಾಧಾರಣ ಸಂಸಾರಕ್ಕೆ ಬಾಗಿಲು ದುಬಾರಿಯಾದರೆ, ನಾಳಿನ ಗಿರಾಕಿ ಹುಟ್ಟುವುದೇ ಇಲ್ಲ. ಇಂದು ಸ್ಲೆಡ್ಜ್ ಮೇಲೆ ಕೂತು ನಗುವ ಮಗುವೇ ಇಪ್ಪತ್ತು ವರ್ಷಗಳ ನಂತರ ಪಾಸ್ ಕೊಳ್ಳುವ ಸ್ಕೀಯರ್. ಅಮೆರಿಕದಲ್ಲಿ 300 ಡಾಲರ್‌ನ ಟಿಕೆಟ್ ಕಿಟಕಿಯ ಮುಂದೆ ಹಿಂದೆ ಸರಿಯುತ್ತಿರುವುದು ಅಂಥ ಮಗುವಿನ ತಂದೆತಾಯಿ.

ಇದನ್ನೆಲ್ಲ ಒಂದು ಬೆಳಗ್ಗೆ ಲೋಕಲಿನಲ್ಲಿ ಹೇಳಿದಾಗ ಕಲ್ಯಾಣದ ನಮ್ಮ ಹಿರಿಯರು ತಲೆದೂಗಿದರು. ಅವರ ಹೋಟೆಲಿನಲ್ಲಿ ಮೇಲೆ ಎಸಿ ಕೋಣೆ ಮಾಡಿಸಿದಾಗ ಮಗ ಕೆಳಗಿನ ಚಹಾದ ಮೇಜುಗಳನ್ನು ತೆಗೆಯೋಣ ಎಂದಿದ್ದನಂತೆ. ಇವರು ಒಪ್ಪಲಿಲ್ಲ.

"ಮೇಲೆ ಕೂತು ಊಟ ಮಾಡುವ ಎಷ್ಟೋ ಜನ ಕಾಲೇಜಿನಲ್ಲಿದ್ದಾಗ ಕೆಳಗೆ ಅರ್ಧ ಚಹಾ ಕುಡಿದವರೇ ಮಾರಾಯ್ರೆ," ಎಂದರು. ಅಷ್ಟರಲ್ಲಿ ಥಾಣೆ ಬಂತು. ನಿಂತೇ ಪ್ರಯಾಣಿಸುವ ನಮ್ಮ ಗೆಳೆಯರು ಹತ್ತಿಕೊಂಡರು. ಹಿರಿಯರು ಸ್ವಲ್ಪ ಸರಿದು, ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಟ್ಟರು.